ಸೆಬುವಾನೊ ಭಾಷೆಯ 'ಇಸ್ತಂಬಾಯ್': ಇಂಗ್ಲಿಷಿನದೋ, ನಮ್ಮ 'ಸ್ತಂಭ'ದ್ದೋ?

ಕಾರವಾರದ ಕಡಲಿಗ

ನಮ್ಮ ಹಡಗಿನ ಇಂಜಿನ್ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಫಿಲಿಪ್ಪೀನ್ಸಿನವರೇ. ಅವರಲ್ಲಿ ಸೆಬು, ಬೊಹೊಲ್ ದ್ವೀಪಗಳ ಕಡೆಯವರು ಒಟ್ಟಾದರೆ ಸೆಬುವಾನೊ ಶುರುವಾಗುತ್ತದೆ. ಅವರು ಅದನ್ನು 'ಬಿಸಾಯಾ' ಎಂದೇ ಕರೆಯುತ್ತಾರೆ. ಊಟದ ಹೊತ್ತಿನಲ್ಲಿ ಒಬ್ಬ ತನ್ನ ತಮ್ಮನ ವಿಷಯ ತೆಗೆದು 'ನಗ್-ಇಸ್ತಂಬಾಯ್ ರಾ ಸಿಯಾ ಸಾ ಬಲಾಯ್' ಎಂದ. ಕೆಲಸವಿಲ್ಲ, ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡಿದ್ದಾನೆ ಎಂದರ್ಥ. ಈ 'ಇಸ್ತಂಬಾಯ್' ಎಲ್ಲಿಯದು ಎಂದು ಕೇಳಿದರೆ, ಇಂಗ್ಲಿಷಿನ 'ಸ್ಟ್ಯಾಂಡ್ ಬೈ' ಅಲ್ಲವೇ ಎಂದು ನಕ್ಕುಬಿಟ್ಟ.

ಇದು ನನ್ನ ತಲೆಗೆ ಹತ್ತುತ್ತಿಲ್ಲ. ಹಡಗಿನಲ್ಲಿ 'ಸ್ಟ್ಯಾಂಡ್ ಬೈ' ಎಂದರೆ ಆಲಸ್ಯಕ್ಕೆ ತದ್ವಿರುದ್ಧ. ಬಂದರು ಹತ್ತಿರವಾದಾಗ ಮೇಲಿನವರು, ಇಂಜಿನ್ ಕೋಣೆಗೆ ಆದೇಶ ಕಳಿಸುವ ಟೆಲಿಗ್ರಾಫಿನ ಮುಳ್ಳನ್ನು 'ಸ್ಟ್ಯಾಂಡ್ ಬೈ' ಎಂಬಲ್ಲಿಗೆ ತರುತ್ತಾರೆ, ಕೆಳಗೆ ನಮ್ಮಲ್ಲಿ ಗಂಟೆ ಬಾರಿಸುತ್ತದೆ. ಆಮೇಲೆ ಎರಡನೆಯ ಜನರೇಟರ್ ಚಾಲೂ ಆಗಬೇಕು, ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ಇರಬೇಕು, ಚಹಾ ಲೋಟ ಪಕ್ಕಕ್ಕಿಡಬೇಕು. ಅಷ್ಟು ಬಿಗಿಯಾದ ಮಾತು ಸೆಬುವಿಗೆ ಹೋಗಿ ಉಂಡಾಡಿಗುಂಡನ ಹೆಸರಾಯಿತು ಎಂದರೆ ನಂಬುವುದು ಹೇಗೆ? ಬಲ್ಲವರು ಹೇಳಿ.

ಮೇಲುಕೋಟೆ ಮೇಷ್ಟ್ರು

ನಂಬಬೇಡಿ. ಸಂಸ್ಕೃತದ 'ಸ್ತಂಭ' ಕಣ್ಣೆದುರಿಗೇ ಇರುವಾಗ ಇಂಗ್ಲಿಷರ ಮನೆಗೆ ಏಕೆ ಹೋಗಬೇಕು? ಸ್ತಂಭಿಸು ಎಂದರೆ ನಿಂತಲ್ಲೇ ನಿಲ್ಲು, ಚಲನೆ ಬಿಡು. ಕೆಲಸವಿಲ್ಲದೆ ಬೀದಿಯ ಮೂಲೆಯಲ್ಲಿ ನಿಂತವನು ಸ್ತಂಭವಲ್ಲದೆ ಮತ್ತೇನು?

ಆ ದ್ವೀಪಗಳಿಗೆ ಸಂಸ್ಕೃತ ಹೋಗಿಲ್ಲ ಎಂದು ಯಾರೂ ಹೇಳಲಾರರು. ನಮ್ಮ 'ದೇವತಾ' ಅವರಲ್ಲಿ 'ದಿವಾತಾ' ಆಗಿ ಕಾಡುಮೇಡುಗಳಲ್ಲಿ ವಾಸವಾಗಿದ್ದಾಳೆ. ಪದದ ಮೊದಲಲ್ಲಿ 'ಇ' ಎಲ್ಲಿಂದ ಬಂತು ಎಂದು ಕೇಳುವಿರಾದರೆ ನೆರೆಯ ಮಲಯ ಭಾಷೆ ನೋಡಿ: 'ಸ್ತ್ರೀ' ಅಲ್ಲಿ 'ಇಸ್ತ್ರಿ' ಆಗಿ ಹೆಂಡತಿ ಎಂಬ ಅರ್ಥದಲ್ಲಿ ನಿಂತಿದೆ. (ಬಟ್ಟೆಗೆ ಹಾಕುವ ನಮ್ಮ ಇಸ್ತ್ರಿ ಬೇರೆ, ಹೆಂಡತಿಯರು ಕೋಪಿಸಿಕೊಳ್ಳಬಾರದು.) 'ಸ್ತ್ರೀ' 'ಇಸ್ತ್ರಿ' ಆಗುವುದಾದರೆ 'ಸ್ತಂಭ' 'ಇಸ್ತಂಬ' ಆಗಲು ಏನು ಅಡ್ಡಿ?

ಬೆಳಗಾವಿ ಕಟ್ಟೆ

ಮೇಷ್ಟ್ರ ಮಾತಿಗೆ ನನ್ನದೊಂದು ಓಟು. ನಮ್ಮ ಕಡೆ ಮರಾಠಿ ಕಿವಿಯ ಮೇಲೆ ದಿನವೂ ಬೀಳುತ್ತದೆ. 'ಥಾಂಬಾ' ಎಂದರೆ ನಿಲ್ಲು, ತಡೆ. ಗಡಿ ದಾಟಿದರೆ ಬಸ್ ನಿಲ್ದಾಣದ ಫಲಕದ ಮೇಲೆಯೇ 'ಬಸ್ ಥಾಂಬಾ' ಎಂದು ಬರೆದಿರುತ್ತಾರೆ. ಫಿಲಿಪ್ಪೀನ್ಸಿನ ರಾಜಧಾನಿ ಕಡೆಯವರು ಇದೇ ಪದವನ್ನು 'ತಂಬಾಯ್' ಎಂದು ಮೊಟಕುಗೊಳಿಸಿ ಹೇಳುತ್ತಾರಂತೆ. ಥಾಂಬಾ, ತಂಬಾಯ್. ಇನ್ನೇನು ಬೇಕು?

ಧಾರವಾಡದ ಪದಕೋಶಿ

ಇನ್ನೂ ಬಹಳ ಬೇಕು. ಕೇಳಲು ಒಂದೇ ತರಹ ಇರುವ ಎರಡು ಪದಗಳನ್ನು ಪಕ್ಕಪಕ್ಕ ಕೂರಿಸುವುದು ಯಾವ ಭಾಷೆಯಲ್ಲಾದರೂ ಸುಲಭ. ಅವು ನೆಂಟರು ಎನ್ನಬೇಕಾದರೆ ಪದದ ಪ್ರತಿಯೊಂದು ಧ್ವನಿಗೂ ಲೆಕ್ಕ ಸಿಗಬೇಕು, ಅದೇ ಲೆಕ್ಕ ಬೇರೆ ಪದಗಳಲ್ಲಿಯೂ ನಡೆಯಬೇಕು. ಮೇಷ್ಟ್ರು ಪದದ ತಲೆಯನ್ನು ಹಿಡಿದಿದ್ದಾರೆ. ನಾನು ಬಾಲವನ್ನು ಹಿಡಿಯುತ್ತೇನೆ.

'ಸ್ತಂಭ' ಹೋಗಿದ್ದರೆ ಕೊನೆಯ 'ಆಯ್' ಎಲ್ಲಿಂದ ಬಂತು? ಸಂಸ್ಕೃತದಿಂದ ಆ ಕಡೆಗೆ ಹೋದ ಪದಗಳ ಕೊನೆಯ ಅಕಾರ ಅಕಾರವಾಗಿಯೇ ಉಳಿದಿದೆ. ದೇವತಾ ದಿವಾತಾ ಆಯಿತು, ದಿವಾತಾಯ್ ಆಗಲಿಲ್ಲ. ಮಲಯದಲ್ಲಿ ಭಾಷಾ ಬಹಾಸಾ ಆಯಿತು, ಆಶಾ ಆಸಾ ಆಯಿತು. ಎಲ್ಲಿಯೂ ಯಕಾರ ಹುಟ್ಟಿಲ್ಲ. ಅದೇ ಇಂಗ್ಲಿಷಿನ 'ಐ' ಧ್ವನಿಯನ್ನು ಇಟ್ಟು ನೋಡಿ: ಬೈ ಬೈ ಎಂಬುದು ಫಿಲಿಪ್ಪೀನ್ಸಿನಲ್ಲಿ 'ಬಾಬಾಯ್', ಡ್ರೈವರ್ 'ದ್ರಾಯ್ಬೆರ್', ಕೆಲಸಕ್ಕೆ ಅರ್ಜಿ ಹಾಕುವ ಅಪ್ಲೈ 'ಅಪ್ಲಾಯ್'. ಸ್ಟ್ಯಾಂಡ್ ಬೈ ಎಂಬುದರ 'ಬೈ' ಅಲ್ಲಿ 'ಬಾಯ್' ಆಗಲೇಬೇಕು.

ನಡುವಿನ 'ಂಡ್‌ಬ' ಹೋಗಿ 'ಂಬ' ಆದದ್ದರಲ್ಲಿ ಸೆಬುವಿನ ವಿಶೇಷವೇನೂ ಇಲ್ಲ. ಬೇಗ ಮಾತನಾಡುವ ಇಂಗ್ಲಿಷಿನವರ ಬಾಯಲ್ಲೂ ಅಲ್ಲಿ ಡಕಾರ ಕರಗುತ್ತದೆ. ನಮ್ಮ ಅಂಗಡಿಗಳಲ್ಲಿ ಹ್ಯಾಂಡ್‌ಬ್ಯಾಗನ್ನು 'ಹ್ಯಾಂಬ್ಯಾಗ್' ಎನ್ನುವುದಿಲ್ಲವೇ?

ಇನ್ನು ತಲೆಯ 'ಇ'. ಮಲಯದ 'ಇಸ್ತ್ರಿ' ನಿಜವಾದ ಸಂಗತಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೆಬುವಾನೊಗೆ ಈ ಪಾಠ ಕಲಿಸಿದ್ದು ಸ್ಪೇನಿನವರು. 1565ರಲ್ಲಿ ಅವರ ನಾಯಕ ಲೆಗಾಸ್ಪಿ ಸೆಬುವಿನಲ್ಲಿ ನೆಲೆಯೂರಿದಂದಿನಿಂದ ಅವರ ಆಳ್ವಿಕೆ ಮುಗಿದ 1898ರವರೆಗೆ ಸ್ಪ್ಯಾನಿಷ್ ಪದಗಳು ಆ ಭಾಷೆಗೆ ಸುರಿದವು. ಸ್ಪ್ಯಾನಿಷಿನಲ್ಲಿ ಪದ ಸಕಾರದ ಒತ್ತಕ್ಷರದಿಂದ ಶುರುವಾಗುವಂತೆಯೇ ಇಲ್ಲ, ಮುಂದೆ ಒಂದು 'ಎ' ಬೇಕೇಬೇಕು: ಎಸ್ಕುಯೇಲಾ ಎಂದರೆ ಶಾಲೆ, ಎಸ್ಪಾದಾ ಎಂದರೆ ಕತ್ತಿ. ಮೂಲ ಸೆಬುವಾನೊದಲ್ಲಿ ಎಕಾರ ಇಕಾರಗಳಿಗೆ ಬೇರೆ ಬೇರೆ ಲೆಕ್ಕವಿಲ್ಲ. 1972ರಲ್ಲಿ ಆ ಭಾಷೆಗೆ ದೊಡ್ಡ ನಿಘಂಟು ಮಾಡಿದ ಅಮೆರಿಕದ ಜಾನ್ ವುಲ್ಫ್ ಬರವಣಿಗೆಗೆ ಅ, ಇ, ಉ ಎಂಬ ಮೂರೇ ಸ್ವರಗಳನ್ನು ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಹೀಗಾಗಿ 'ಎಸ್' 'ಇಸ್' ಆಯಿತು. ಸ್ಪೇನಿನವರ ನಂತರ ಆಳಲು ಅಮೆರಿಕದವರು ಬಂದು ಇಂಗ್ಲಿಷ್ ಶಾಲೆ ತೆರೆಯುವ ಹೊತ್ತಿಗೆ ಈ ಕಾಲುವೆ ತೋಡಿಯಾಗಿತ್ತು. ಹೊಸ ನೀರು ಅದರಲ್ಲಿಯೇ ಹರಿಯಿತು. ಸ್ಕೋರ್ 'ಇಸ್ಕೋರ್', ಸ್ಟೈಲ್ 'ಇಸ್ತಾಯ್ಲ್', ಸ್ಟ್ಯಾಂಡ್ ಬೈ 'ಇಸ್ತಂಬಾಯ್'.

ಬೆಳಗಾವಿಯವರೇ, ನಿಮ್ಮ 'ಥಾಂಬಾ' ಸಂಸ್ಕೃತದ ಸ್ತಂಭ ಧಾತುವಿನ ಮರಿಮಗ, ಅದು ಸರಿ. ಆದರೆ 'ತಂಬಾಯ್' ಎಂಬುದು 'ಇಸ್ತಂಬಾಯ್' ಎಂಬುದರ ತಲೆ ಕತ್ತರಿಸಿದ ರೂಪ, ರಾಜಧಾನಿ ಮನಿಲಾ ಕಡೆಯ ಟಗಾಲೊಗ್ ಭಾಷೆಯಲ್ಲಿ ಹೆಚ್ಚು ಬಳಕೆ. ಕತ್ತರಿಸಿದ ಮೇಲೆ ಉಳಿದದ್ದನ್ನು ಮರಾಠಿಯ ಪಕ್ಕಕ್ಕಿಟ್ಟರೆ ಹೋಲುತ್ತದೆ, ಅಷ್ಟೇ. ಕತ್ತರಿಸುವ ಮೊದಲು ಹೋಲುತ್ತಿತ್ತೇ?

ಮಂಡ್ಯದ ಮಾತುಗಾರ

ಕಾಲುವೆಯ ಮಾತು ಚೆನ್ನಾಗಿದೆ. ನಮ್ಮ ಅಜ್ಜಿ 'ಇಸ್ಕೂಲು' ಎನ್ನುತ್ತಿದ್ದರು, 'ಟೇಸನ್ನು' ಎಂದೂ ಅನ್ನುತ್ತಿದ್ದರು. ಅವರಿಗೆ ಯಾವ ಸ್ಪೇನಿನವರು ಕಲಿಸಿದರು?

ಧಾರವಾಡದ ಪದಕೋಶಿ

ಯಾರೂ ಕಲಿಸಬೇಕಾಗಿಲ್ಲ. ಪದದ ಆರಂಭದ ಒತ್ತಕ್ಷರ ಕಷ್ಟವಾದಾಗ ನಾಲಗೆಗೆ ಸುಲಭವಾದ ಎರಡು ದಾರಿಗಳಿವೆ: ಮುಂದೊಂದು ಸ್ವರ ಹಾಕುವುದು, ಇಲ್ಲವೇ ಸಕಾರ ಬಿಡುವುದು. ನಿಮ್ಮ ಅಜ್ಜಿ ಎರಡನ್ನೂ ಬಳಸಿದ್ದಾರೆ. ಹಳಗನ್ನಡ ಹೆಚ್ಚಾಗಿ ಎರಡನೆಯದನ್ನು ಹಿಡಿಯಿತು, ಹಾಗಾಗಿ 'ಸ್ಥಾನ' ನಮ್ಮಲ್ಲಿ 'ತಾಣ' ಆಯಿತು. ಸೆಬುವಿನವರಿಗೆ ಮೊದಲನೆಯ ದಾರಿ ಸ್ಪ್ಯಾನಿಷ್ ಪದಗಳ ಜೊತೆಯಲ್ಲಿಯೇ ಸಿದ್ಧವಾಗಿ ಸಿಕ್ಕಿತು ಎಂಬುದಷ್ಟೇ ನನ್ನ ಮಾತು.

ಅಂದಹಾಗೆ, ಈ ಹೋಲಿಕೆ ಕನ್ನಡಿಗರ ಕಿವಿಗೆ ಅಷ್ಟು ಗಟ್ಟಿಯಾಗಿ ಕೇಳಿಸುವುದಕ್ಕೂ ಒಂದು ಕಾರಣವಿದೆ. ಇಂಗ್ಲಿಷಿನ 'ಟ' ನಮಗೆ ಯಾವಾಗಲೂ ಮೂರ್ಧನ್ಯ, ಎಂದರೆ ನಾಲಗೆಯನ್ನು ಮೇಲಕ್ಕೆ ಮಡಚಿ ಹೇಳುವ ಧ್ವನಿ. ನಾವು ಬಸ್ ಸ್ಟ್ಯಾಂಡ್ ಎನ್ನುತ್ತೇವೆ, ಸ್ತ್ಯಾಂಡ್ ಎನ್ನುವುದಿಲ್ಲ. ಫಿಲಿಪ್ಪೀನ್ಸಿನವರ ತಕಾರ ಹಲ್ಲಿಗೆ ತಾಗುತ್ತದೆ, ನಮ್ಮ 'ತ' ಇದ್ದ ಹಾಗೆ. ಅವರು ಇಂಗ್ಲಿಷ್ ಪದವನ್ನು ಹೇಳಿದರೂ ನಮಗದು ಸಂಸ್ಕೃತದಂತೆ ಕೇಳಿಸುತ್ತದೆ. ಮೇಷ್ಟ್ರಿಗೆ ಸ್ತಂಭ ಕಂಡದ್ದು ಆ ಹಲ್ಲಿನ ಕೃಪೆಯಿಂದ.

ಮೇಲುಕೋಟೆ ಮೇಷ್ಟ್ರು

ಹಲ್ಲಿನ ವಿಚಾರ ಒಪ್ಪಿದೆ, ಆದರೆ ಸೋಲು ಒಪ್ಪಿಲ್ಲ. ಇಂಗ್ಲಿಷಿನ 'ಸ್ಟ್ಯಾಂಡ್' ಎಂಬುದೇ ನಮ್ಮ 'ಸ್ಥಾ' ಧಾತುವಿನ ಬಳಗ ಎಂದು ನಿಮ್ಮ ಭಾಷಾಶಾಸ್ತ್ರದವರೇ ಹೇಳುತ್ತಾರೆ. ಹಾಗಾದರೆ ಸುತ್ತಿ ಸುತ್ತಿ ಪದ ನಮ್ಮ ಅಂಗಳಕ್ಕೇ ಬಂತಲ್ಲ?

ಧಾರವಾಡದ ಪದಕೋಶಿ

ಬಂತು, ಆದರೆ ನಿಮ್ಮ ಬಾಗಿಲಿನಿಂದ ಅಲ್ಲ. ಸ್ಟ್ಯಾಂಡ್, ಸ್ಥಾನ, ಸ್ಥಿತಿ ಇವು ಒಂದೇ ಇಂಡೋ-ಯುರೋಪಿಯನ್ ಮೂಲದವು, ನಿಜ. 'ಸ್ತಂಭ' ಆ ಮೂಲದ್ದಲ್ಲ, ಅದರ ಧಾತು ಬೇರೆ. ತಮಾಷೆ ಏನೆಂದರೆ ಈ ಚರ್ಚೆಯಲ್ಲಿ ಕೇಳಲು ಹತ್ತಿರವಾದ ಸ್ತಂಭ ದೂರದವನು. ದೂರದವನಂತೆ ಕಾಣುವ 'ತಾಣ' ಸ್ಟ್ಯಾಂಡಿಗೆ ದಾಯಾದಿ. ಮತ್ತೂ ಒಂದು ಮಾತು: ಸಾವಿರಾರು ವರ್ಷಗಳ ಹಿಂದಿನ ನೆಂಟಸ್ತಿಕೆ ಒಂದು ಪದ ಯಾವ ದೋಣಿಯಲ್ಲಿ ಬಂತು ಎಂಬುದನ್ನು ಹೇಳುವುದಿಲ್ಲ. ಸೆಬುವಾನೊಗೆ ಅದನ್ನು ಕೊಟ್ಟವರು ಇಂಗ್ಲಿಷ್ ಮಾತನಾಡುವವರು. ಕಥೆ ಅಲ್ಲಿಂದಲೇ ಶುರು.

ದಾವಾವೊ ವಿದ್ಯಾರ್ಥಿನಿ

ನಾನು ಮಿಂಡನಾವೊ ದ್ವೀಪದ ದಾವಾವೊದಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಇಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ತುಂಬ ಮಂದಿ ಇದ್ದಾರೆ. ಸೆಬು ಇಲ್ಲಿಂದ ದೂರವಾದರೂ ಊರಿನ ಭಾಷೆ ಸೆಬುವಾನೊವೇ. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ರೋಗಿಗಳು ಬಿಸಾಯಾದಲ್ಲಿ ಮಾತನಾಡುತ್ತಾರೆ. 'ಆಸಾ ಆಂಗ್ ಸಾಕಿತ್', ಎಲ್ಲಿ ನೋವು ಎಂಬುದು ಎಲ್ಲರೂ ಮೊದಲು ಕಲಿಯುವ ವಾಕ್ಯ.

ರೋಗಿಯ ವಿವರ ಬರೆದುಕೊಳ್ಳುವಾಗ ಉದ್ಯೋಗ ಏನು ಎಂದೂ ಕೇಳಬೇಕು. 'ಉನ್ಸಾ ಇಮೊಂಗ್ ತ್ರಬಾಹೊ' ಎಂದರೆ ಎಷ್ಟೋ ಹುಡುಗರು 'ವಲಾ, ಇಸ್ತಂಬಾಯ್ ರಾ' ಎನ್ನುತ್ತಾರೆ. ಏನೂ ಇಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದು. ಆ 'ರಾ'ದಲ್ಲಿ ಸ್ವಲ್ಪ ಸಂಕೋಚವಿರುತ್ತದೆ, ನಮ್ಮ 'ಅಷ್ಟೇ' ಇದ್ದ ಹಾಗೆ. ಉದ್ಯೋಗದ ಕಾಲಂನಲ್ಲಿ ನಾನು 'ಇಲ್ಲ' ಎಂದು ಬರೆಯುತ್ತೇನೆ. ಆದರೆ ವಿಚಾರಿಸಿದರೆ ಅವರಲ್ಲಿ ಕೆಲವರು ಸಾಗರೋತ್ತರ ಕೆಲಸಕ್ಕೆ ಕಾಗದಪತ್ರ ಕೊಟ್ಟು ಕರೆಗಾಗಿ ಕುಳಿತವರು, ಕೆಲವರು ಕಟ್ಟಡದ ಗುತ್ತಿಗೆ ಮುಗಿದು ಮುಂದಿನದನ್ನು ಕಾಯುತ್ತಿರುವವರು. ಕಡಲಿಗ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಕರೆದರೆ ಹೋಗಲು ಅವರು ತಯಾರಾಗಿಯೇ ಇದ್ದಾರೆ, ಕರೆ ಬರುತ್ತಿಲ್ಲ.

ವ್ಯಾಕರಣವೂ ಸ್ವಾರಸ್ಯವಾಗಿದೆ. ನಾವು ಇಂಗ್ಲಿಷ್ ಪದ ತಂದರೆ ಪಕ್ಕದಲ್ಲಿ ಒಂದು 'ಮಾಡು' ಅಥವಾ 'ಆಗು' ಇಡುತ್ತೇವೆ: ಪಾಸಾದ, ಫೋನ್ ಮಾಡಿದ. ಇವರು ಹಾಗೆ ಮಾಡುವುದಿಲ್ಲ. ಪದಕ್ಕೇ ಮುಂದೆ ಹಿಂದೆ ಪ್ರತ್ಯಯ ಹೊಲಿಯುತ್ತಾರೆ. ಶುರುವಾಗಿರುವ ಕ್ರಿಯೆಗೆ 'ನಗ್-ಇಸ್ತಂಬಾಯ್', ಇನ್ನೂ ಆಗಬೇಕಾದುದಕ್ಕೆ 'ಮಗ್-ಇಸ್ತಂಬಾಯ್', ಜಾಗಕ್ಕೆ ಕೊನೆಯಲ್ಲಿ 'ಆನ್' ಸೇರಿಸಿ 'ಇಸ್ತಂಬಾಯನ್', 'ತಂಬಾಯನ್'. 'ಅಯಾವ್ ಪಗ್-ಇಸ್ತಂಬಾಯ್ ದಿಹಾ' ಎಂದರೆ ಅಲ್ಲಿ ಸುಮ್ಮನೆ ನಿಂತುಕೊಳ್ಳಬೇಡ.

ಬೆಳಗಾವಿ ಕಟ್ಟೆ

ತಂಗಿ, 'ತಂಬಾಯನ್' ಎಂದರೆ ನಮ್ಮ ಹರಟೆಕಟ್ಟೆಯೇ ಅಲ್ಲವೇ? ನನ್ನ ಹೆಸರಿಗೆ ಸರಿಯಾಗಿ ಹೊಂದುತ್ತದೆ.

ದಾವಾವೊ ವಿದ್ಯಾರ್ಥಿನಿ

ಅದೇ. ಮೂಲೆಯ ಚಿಲ್ಲರೆ ಅಂಗಡಿ, ಅದರ ಮುಂದೆ ಮರದ ಬೆಂಚು, ಮೇಲೆ ತಗಡಿನ ಚಾಚು. ಸಂಜೆಯಾದರೆ ಬೆಂಚು ಭರ್ತಿ. ಆದರೆ ವಿದ್ಯಾರ್ಥಿಗಳ ಬಾಯಲ್ಲಿ ಈ ಪದಕ್ಕೆ ಯಾವ ಕಳಂಕವೂ ಇಲ್ಲ. ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘಗಳು ತಮ್ಮ ಕೂಡುವ ಜಾಗವನ್ನು 'ತಂಬಾಯನ್' ಎಂದೇ ಕರೆಯುತ್ತವೆ.

ಧಾರವಾಡದ ಪದಕೋಶಿ

ಅದೇ ಪದ ಪೊಲೀಸರ ಬಾಯಿಗೆ ಹೋದಾಗ ಏನಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. 2018ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ರೊಡ್ರಿಗೊ ದುತೆರ್ತೆ 'ತಂಬಾಯ್'ಗಳು ತೊಂದರೆಗೆ ಮೂಲ ಎಂದು ಪೊಲೀಸರಿಗೆ ಸೂಚನೆ ಕೊಟ್ಟರು. ಅವರು ದಾವಾವೊದ ಮೇಯರ್ ಆಗಿದ್ದವರು, ಮನೆಮಾತು ಬಿಸಾಯಾ. ಕೆಲವೇ ದಿನಗಳಲ್ಲಿ ಮನಿಲಾ ಮಹಾನಗರದಲ್ಲಿ ಸಾವಿರಾರು ಜನರನ್ನು ಹಿಡಿದರು. ಬೀದಿಯಲ್ಲಿ ಸುಮ್ಮನೆ ನಿಲ್ಲುವುದು ಆ ಹೊತ್ತಿಗೆ ಅಪರಾಧವೇ ಆಗಿರಲಿಲ್ಲ. ಅಲೆಮಾರಿತನವನ್ನು ದಂಡಸಂಹಿತೆಯ ಅಪರಾಧಗಳ ಪಟ್ಟಿಯಿಂದ 2012ರಲ್ಲಿಯೇ ತೆಗೆದಿದ್ದರು. ಆದ್ದರಿಂದ ಸ್ಥಳೀಯ ನಿಯಮಗಳನ್ನು ಹುಡುಕಿ ಮೊಕದ್ದಮೆ ಹಾಕಿದರು: ಅಂಗಿಯಿಲ್ಲದೆ ಬೀದಿಯಲ್ಲಿದ್ದ, ರಸ್ತೆಯಲ್ಲಿ ಕುಡಿದ, ಸಿಗರೇಟು ಸೇದಿದ ಎಂದು. ಹಿಡಿದವರಲ್ಲಿ ಒಬ್ಬ ಯುವಕ ಪೊಲೀಸ್ ವಶದಲ್ಲಿಯೇ ಸತ್ತ. ವಿದ್ಯಾರ್ಥಿ ಸಂಘದ ತಂಬಾಯನ್‌ನಲ್ಲಿ ಕುಳಿತವನು, ಗಲ್ಲಿಯ ಬೆಂಚಿನ ಮೇಲೆ ಕುಳಿತವನು ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ಹೆಸರು ಬೈಗುಳವಾಗುವುದು ಯಾರಿಗೆ ಎಂಬುದನ್ನು ನಿಘಂಟು ತೀರ್ಮಾನಿಸುವುದಿಲ್ಲ.

ಮನಿಲಾದ ಸಂತ ಥಾಮಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಕ್ಲಾರೆನ್ಸ್ ಬಟಾನ್ ಈ 'ಇಸ್ತಂಬಾಯ್'ಗಳನ್ನೇ ಸಂಶೋಧನೆಯ ವಿಷಯ ಮಾಡಿಕೊಂಡವರು. ಶಾಲೆಯೂ ಇಲ್ಲ, ಕೆಲಸವೂ ಇಲ್ಲ ಎಂಬ ಯುವಜನರನ್ನು ಸೋಮಾರಿಗಳು ಎಂದು ತಳ್ಳಿಹಾಕದೆ ನೋಡುವ ಒಂದು ಪರಂಪರೆಯೇ ಅಲ್ಲಿದೆ.

ಕಾರವಾರದ ಕಡಲಿಗ

ವಿದ್ಯಾರ್ಥಿನಿಯ ಮಾತು ನಮ್ಮ ಹಡಗಿನವರಿಗೆ ಚೆನ್ನಾಗಿ ಅನ್ವಯಿಸುತ್ತದೆ. ನಾವಿಕನಿಗೆ ಗುತ್ತಿಗೆ ಮುಗಿದರೆ ಊರು, ಮುಂದಿನ ಕರೆ ಬರುವವರೆಗೆ ಸಂಬಳವಿಲ್ಲ. ಮನಿಲಾದಲ್ಲಿ ಕಲಾವ್ ಎಂಬ ರಸ್ತೆಯಿದೆ, ಲುನೆಟಾ ಉದ್ಯಾನದ ಬದಿಯಲ್ಲಿ. ಹಡಗಿನ ಕೆಲಸ ಹುಡುಕುವವರು ಕಡತ ಬಗಲಿಗಿಟ್ಟುಕೊಂಡು ಅಲ್ಲಿ ಸಾಲುಗಟ್ಟಿರುತ್ತಾರೆ. ಏಜೆನ್ಸಿಗಳವರು ಯಾವ ಹುದ್ದೆ ಖಾಲಿ ಎಂದು ಬರೆದ ಫಲಕ ಹಿಡಿದು ನಿಂತಿರುತ್ತಾರೆ.

ನಮ್ಮವರನ್ನು ಮತ್ತೆ ಕೇಳಿದೆ. ಟೆಲಿಗ್ರಾಫಿನ ಮಾತಿಗೆ ಅವರು 'ಸ್ಟ್ಯಾಂಡ್‌ಬೈ' ಎಂದು ಇಂಗ್ಲಿಷಿನಲ್ಲಿಯೇ ಹೇಳುತ್ತಾರೆ, ಅದಕ್ಕೆ 'ಇ' ಸೇರಿಸುವುದಿಲ್ಲ. ಊರಿನ ತಮ್ಮನಿಗೆ ಮಾತ್ರ 'ಇಸ್ತಂಬಾಯ್'. ಒಂದೇ ಪದ ಎರಡಾಗಿ ಅವರ ಬಾಯಲ್ಲಿ ಅಕ್ಕಪಕ್ಕ ಇದೆ.

ಧಾರವಾಡದ ಪದಕೋಶಿ

ನಮ್ಮಲ್ಲಿ 'ಸ್ಥಾನ'ವೂ ಇದೆ, 'ತಾಣ'ವೂ ಇದೆ, ಕೆಲಸ ಬೇರೆ ಬೇರೆ. ಹಾಗೆಯೇ ಇದು. ಮೊದಲು ಬಂದದ್ದು ಊರಿನ ನಾಲಗೆಗೆ ಒಗ್ಗಿ ಬೇರೆ ಅರ್ಥ ಹಿಡಿಯಿತು, ಆಮೇಲೆ ಶಾಲೆ ಮತ್ತು ಕೆಲಸದ ಮೂಲಕ ಅದೇ ಪದ ಶುದ್ಧ ರೂಪದಲ್ಲಿ ಇನ್ನೊಮ್ಮೆ ಬಂತು.

ನಿಮ್ಮ ಮೂಲ ಪ್ರಶ್ನೆಗೆ ಇನ್ನೊಂದು ಸೇರಿಸುತ್ತೇನೆ. 'ಸಿದ್ಧನಾಗಿರು' ಎಂಬುದು 'ಸ್ಟ್ಯಾಂಡ್ ಬೈ'ಯ ಒಂದು ಮುಖ ಮಾತ್ರ. ಏನೂ ಮಾಡದೆ ಪಕ್ಕದಲ್ಲಿ ನಿಂತು ನೋಡು ಎಂಬ ಮುಖವೂ ಇಂಗ್ಲಿಷಿನಲ್ಲಿಯೇ ಹಳೆಯದು; ಜಗಳ ನೋಡುತ್ತ ನಿಂತವನಿಗೆ 'ಬೈಸ್ಟ್ಯಾಂಡರ್' ಎನ್ನುತ್ತಾರಲ್ಲ, ಅದೇ ಎರಡು ತುಂಡುಗಳನ್ನು ತಿರುವಿಹಾಕಿದ ಪದ. ಹಾಗಾಗಿ ಸೆಬುವಿನವರು ಅರ್ಥವನ್ನು ತಲೆಕೆಳಗು ಮಾಡಿದರು ಎನ್ನುವುದಕ್ಕಿಂತ, ಎರಡರಲ್ಲಿ ತಮ್ಮ ಬೀದಿಗೆ ಹೊಂದುವುದನ್ನು ಆರಿಸಿಕೊಂಡರು ಎನ್ನುವುದು ನನಗೆ ಸರಿ ಎನಿಸುತ್ತದೆ.

ಮೇಲುಕೋಟೆ ಮೇಷ್ಟ್ರು

ಸರಿ ತಾಯಿ, ಬಾಲ ನಿಮ್ಮದಾಗಲಿ. ಆದರೆ ಇಂಗ್ಲಿಷ್ ಅಷ್ಟು ಬೇಗ ಹಳ್ಳಿಯ ಬೀದಿಗೆ ಇಳಿದದ್ದು ಹೇಗೆ? ನಮ್ಮಲ್ಲಿ ಅದು ಕಚೇರಿಯ ಮೆಟ್ಟಿಲು ಇಳಿದು ಬರಲು ಬಹಳ ಕಾಲ ಹಿಡಿಯಿತು.

ಧಾರವಾಡದ ಪದಕೋಶಿ

ಶಾಲೆಯಿಂದ. ಸ್ಪೇನಿನವರು ಜನಸಾಮಾನ್ಯರಿಗೆ ತಮ್ಮ ಭಾಷೆ ಕಲಿಸಲು ಉತ್ಸಾಹ ತೋರಿಸಲಿಲ್ಲ, ಪಾದ್ರಿಗಳು ತಾವೇ ಊರಿನ ಭಾಷೆ ಕಲಿತರು. ಅಮೆರಿಕದವರದು ಬೇರೆ ಲೆಕ್ಕ. 1901ರ ಆಗಸ್ಟ್‌ನಲ್ಲಿ 'ಥಾಮಸ್' ಎಂಬ ಸೇನಾ ಹಡಗಿನಲ್ಲಿ ಸುಮಾರು 500 ಶಿಕ್ಷಕರು ಮನಿಲಾಕ್ಕೆ ಬಂದಿಳಿದು ದ್ವೀಪದ್ವೀಪಗಳಿಗೆ ಹಂಚಿಹೋದರು. ಆ ಹಡಗಿನ ಹೆಸರಿನಿಂದ ಅವರಿಗೆ 'ಥಾಮಸೈಟ್' ಎಂಬ ಹೆಸರೇ ಬಿತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಜೊತೆಗೆ ಸೈನ್ಯ, ಬಂದರು, ಸಿನಿಮಾ. ಪದ ಬೀದಿಗಿಳಿಯಲು ಮೆಟ್ಟಿಲೇ ಇರಲಿಲ್ಲ.

ಮಂಡ್ಯದ ಮಾತುಗಾರ

ಇನ್ನೂ ಇಂತಹ ಪದಗಳಿದ್ದರೆ ಹಾಕಿ. ಭಾರವಾದವು ಬೇಡ, ದಿನಬಳಕೆಯವು.

ದಾವಾವೊ ವಿದ್ಯಾರ್ಥಿನಿ

ನನಗೆ ಇಷ್ಟವಾದದ್ದು 'ತ್ರಿಸಿಕಾದ್'. ಸೈಕಲ್ಲಿನ ಪಕ್ಕಕ್ಕೆ ಇಬ್ಬರು ಕೂರುವ ಪೆಟ್ಟಿಗೆ ಜೋಡಿಸಿದ ಬಾಡಿಗೆ ಗಾಡಿ. 'ಸಿಕಾದ್' ಎಂದರೆ ಸೆಬುವಾನೊದಲ್ಲಿ ಒದೆ, ಪೆಡಲ್ ತುಳಿ. ಟ್ರೈಸಿಕಲ್ಲಿನ ತಲೆಗೆ ತಮ್ಮದೇ ಕ್ರಿಯಾಪದದ ಮುಂಡ ಅಂಟಿಸಿದ್ದಾರೆ, 'ಸಿಕಲ್' ಇದ್ದ ಜಾಗದಲ್ಲಿ 'ಸಿಕಾದ್' ಎಷ್ಟು ಸಲೀಸಾಗಿ ಕುಳಿತಿದೆ ನೋಡಿ. ಮೋಟಾರು ಬೈಕಿಗೆ ಜೋಡಿಸಿದ್ದಾದರೆ ಅದು ಬರಿಯ 'ತ್ರಾಯ್ಸಿಕೊಲ್'. ತುಳಿಯುವವನಿದ್ದರೆ ಮಾತ್ರ ಸಿಕಾದ್.

ಫೋಟೋ ತೆಗೆಯುವುದಕ್ಕೆ 'ಕೊಡಾಕ್'. ಕ್ಯಾಮೆರಾ ಕಂಪನಿಯ ಹೆಸರೇ ಕ್ರಿಯಾಪದವಾಗಿದೆ. ಮೊಬೈಲ್ ಕೈಗೆ ಕೊಟ್ಟು 'ಕೊಡಾಕಿ ಮಿ' ಎನ್ನುತ್ತಾರೆ, ನಮ್ಮದೊಂದು ಫೋಟೋ ತೆಗೆಯಿರಿ ಎಂದು. ಹಲ್ಲುಜ್ಜುವ ಪೇಸ್ಟು ಯಾವ ಕಂಪನಿಯದಾದರೂ ಹಿರಿಯರಿಗೆ ಅದು 'ಕೊಲ್ಗೇತ್'.

ಬೆಳಗಾವಿ ಕಟ್ಟೆ

ನಾವು ಯಾವ ಯಂತ್ರದಲ್ಲಿ ಪ್ರತಿ ತೆಗೆಸಿದರೂ 'ಝೆರಾಕ್ಸ್', ಯಾವ ವನಸ್ಪತಿ ಬಳಸಿದರೂ 'ಡಾಲ್ಡಾ'. ಇದರಲ್ಲಿ ಸೆಬುವಿಗೂ ಬೆಳಗಾವಿಗೂ ಅಂತರವಿಲ್ಲ. 'ಥಾಂಬಾ' ವಿಷಯ ಮಾತ್ರ ನಾನಿನ್ನೂ ಬಿಟ್ಟಿಲ್ಲ.

ಧಾರವಾಡದ ಪದಕೋಶಿ

ಬಿಡಬೇಡಿ. ಆದರೆ ಮುಂದಿನ ಸಲ ಕೊನೆಯ 'ಯ್' ಹೊತ್ತ ಮರಾಠಿ ರೂಪ ಒಂದನ್ನಾದರೂ ಹಿಡಿದುಕೊಂಡು ಬನ್ನಿ.